ಸ್ಲೀವ್, ಬೈಪಾಸ್ ಆದವರೇ, ಗಂಜಿ-ತಿಳಿಸಾರಿನಲ್ಲೇ ತಿಂಗಳುಗಟ್ಟಲೆ ಕಳೆಯಬೇಡಿ

ತೂಕ ಇಳಿಸಲು ಹೊಟ್ಟೆಗೆ ಮಾಡುವ ಸ್ಲೀವ್ ಅಥವಾ ಬೈಪಾಸ್ ಆಪರೇಷನ್ ಆಗಿ ಮೂರು-ನಾಲ್ಕು ತಿಂಗಳಾದ ಮೇಲೆ ಕಾಣಿಸಿಕೊಳ್ಳುವ ತೊಂದರೆಯೊಂದಿದೆ, ಪ್ರೋಟೀನ್ ಕೊರತೆ. ಬಾಚಣಿಗೆ ತುಂಬ ಕೂದಲು, ಸಂಜೆಯಾದರೆ ಊದಿಕೊಳ್ಳುವ ಪಾದ, ನೆಲದ ಮೇಲೆ ಕೂತರೆ ಕೈಯೂರದೆ ಏಳಲಾಗದಷ್ಟು ನಿತ್ರಾಣ. ತೂಕ ಮಾತ್ರ ವಾರವಾರವೂ ಇಳಿಯುತ್ತಲೇ ಇರುತ್ತದೆ. ‘ಎಷ್ಟು ಸಣ್ಣಗಾಗಿದ್ದೀಯ!’ ಅಂತ ನೆಂಟರಿಷ್ಟರೆಲ್ಲ ಹೊಗಳುವ ಹೊತ್ತಿನಲ್ಲಿ ಏನೋ ಕೆಡುತ್ತಿದೆ ಅನ್ನುವ ಅನುಮಾನ ಯಾರಿಗೂ ಬರುವುದಿಲ್ಲ.

ಈ ಸ್ಥಿತಿಗೆ ಬಂದು ಮುಟ್ಟುವವರ ಊಟದ ಪಟ್ಟಿ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಸ್ಲೀವ್ ಆಗಿ ನಾಲ್ಕನೇ ತಿಂಗಳು, ಮೊಟ್ಟೆ ಮುಟ್ಟದ ಮನೆ ಅಂದುಕೊಳ್ಳಿ. ಬೆಳಿಗ್ಗೆ ಎದ್ದಕೂಡಲೇ ಅರ್ಧ ಲೋಟ ಕಾಫಿ. ತಿಂಡಿಗೆ ಎರಡು ಚಮಚ ಹಿಟ್ಟು, ಅರ್ಧ ಲೋಟ ಹಾಲು, ಬೆಲ್ಲ ಹಾಕಿದ ರಾಗಿ ಗಂಜಿ. ಹನ್ನೊಂದಕ್ಕೆ ಒಂದು ಎಳನೀರು. ಮಧ್ಯಾಹ್ನ ನಾಲ್ಕು ಚಮಚ ಮೆತ್ತಗಿನ ಅನ್ನಕ್ಕೆ ತಿಳಿಸಾರು, ಒಂದು ಚಮಚ ತುಪ್ಪ. ಸಂಜೆ ಮೂಸಂಬಿ ಜ್ಯೂಸು, ಎರಡು ಮಾರಿ ಬಿಸ್ಕತ್ತು. ರಾತ್ರಿ ಅಕ್ಕಿ ಗಂಜಿಗೆ ಮಜ್ಜಿಗೆ. ಕೂಡಿ ನೋಡಿದರೆ ಸುಮಾರು 650 ಕ್ಯಾಲರಿ ಆಗುತ್ತದೆ. ಆ ಹಂತಕ್ಕೆ ಅದೇನೂ ತೀರಾ ಕಡಿಮೆಯಲ್ಲ. ಆದರೆ ಅಷ್ಟೆಲ್ಲ ಸೇರಿ ಪ್ರೋಟೀನ್ ಬರೀ 15 ಗ್ರಾಂ. ಬೇಕಾಗಿದ್ದು ಕನಿಷ್ಠ 60!

ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತೆಗೆದುಬಿಡುತ್ತಾರೆ, ಉಳಿಯುವ ಕೊಳವೆಯಲ್ಲಿ 100-150 ಮಿ.ಲೀ. ಹಿಡಿದರೆ ಹೆಚ್ಚು. ಬೈಪಾಸ್‌ನ ಹೊಟ್ಟೆಯ ಮೇಲ್ತುದಿಯಲ್ಲಿ ಮಾಡಿ ಕರುಳಿಗೆ ಜೋಡಿಸುವ ಪುಟ್ಟ ಚೀಲವಂತೂ ಮೊದಮೊದಲು 30 ಮಿ.ಲೀ. ಆಸುಪಾಸು. ಮೊದಲ ತಿಂಗಳು 400-600 ಕ್ಯಾಲರಿ, ಮೂರನೇ ತಿಂಗಳ ಹೊತ್ತಿಗೆ 600-900, ಆರು ತಿಂಗಳಿಗೆ 800-1200 ಒಳಗೆ ಹೋಗುವುದು ಸಾಮಾನ್ಯ. ಉಳಿದ ಶಕ್ತಿಯನ್ನು ದೇಹ ತನ್ನ ಕೊಬ್ಬಿನಿಂದ ತೆಗೆದುಕೊಳ್ಳುತ್ತದೆ, ಆಪರೇಷನ್ ಮಾಡಿಸಿದ್ದೇ ಅದಕ್ಕೆ. ಪ್ರೋಟೀನಿಗೆ ಮಾತ್ರ ಕೊಬ್ಬಿನಂಥ ಉಗ್ರಾಣ ದೇಹದಲ್ಲಿಲ್ಲ. ಊಟದಲ್ಲಿ ಸಿಗದಿದ್ದರೆ ತೊಡೆ, ಸೊಂಟ, ತೋಳಿನ ಮಾಂಸಖಂಡಕ್ಕೇ ಕೈ ಹಾಕುತ್ತದೆ. ತಕ್ಕಡಿಗೆ ಕರಗಿದ್ದು ಕೊಬ್ಬೋ ಮಾಂಸಖಂಡವೋ ಗೊತ್ತಾಗುವುದಿಲ್ಲ, ಎರಡನ್ನೂ ಕಿಲೋ ಲೆಕ್ಕದಲ್ಲೇ ತೋರಿಸುತ್ತದೆ. ಹಾಗಾಗಿ ಮೊದಲ ಆರು ತಿಂಗಳು ಕ್ಯಾಲರಿ ಲೆಕ್ಕ ಬದಿಗಿಡಿ, ಪ್ರೋಟೀನ್ ಗ್ರಾಂ ಬರೆದಿಡಿ. ದಿನಕ್ಕೆ 60ರಿಂದ 80 ಗ್ರಾಂ, ಅಥವಾ ನಿಮ್ಮ ಎತ್ತರಕ್ಕೆ ಇರಬೇಕಾದ ತೂಕದ ಪ್ರತಿ ಕಿಲೋಗೆ 1ರಿಂದ 1.5 ಗ್ರಾಂ. ಈಗಿನ ತೂಕಕ್ಕಲ್ಲ, ಇರಬೇಕಾದ ತೂಕಕ್ಕೆ. ಬೈಪಾಸ್‌ನದೇ ಇನ್ನೊಂದು ಬಗೆಯಾದ ಮಿನಿ ಬೈಪಾಸ್ ಆದವರಿಗೆ ಊಟ ಕರುಳಿನ ಉದ್ದನೆಯ ಭಾಗವನ್ನೇ ಬಿಟ್ಟು ಮುಂದೆ ಹೋಗುವುದರಿಂದ ತಿಂದದ್ದೂ ಪೂರ್ತಿ ಹೀರಿಕೊಳ್ಳುವುದಿಲ್ಲ, ಅವರು ಗುರಿಯನ್ನು ಮೇಲಿನ ತುದಿಯಲ್ಲೇ ಇಟ್ಟುಕೊಳ್ಳಬೇಕು. ಮಲ ಎಣ್ಣೆಯೆಣ್ಣೆಯಾಗಿ ತೇಲುತ್ತ, ವಿಪರೀತ ವಾಸನೆ ಬರುತ್ತಿದ್ದರೆ ಸರ್ಜನ್‌ಗೆ ಹೇಳಿ. ಕಿಡ್ನಿ ತೊಂದರೆ ಇರುವವರು ಮಾತ್ರ ಈ ಅಂಕಿಗಳನ್ನು ಹಿಡಿಯದೆ ತಮ್ಮ ಡಾಕ್ಟರು ಹೇಳಿದಷ್ಟೇ ತಗೊಳ್ಳಿ.

ಇನ್ನು ನಮ್ಮ ಅಡುಗೆಮನೆಯ ಮೋಸಗಳು. ಅತಿ ದೊಡ್ಡದು ಬೇಳೆಕಟ್ಟು. ‘ದಿನಾ ಬೇಳೆಸಾರು ಕುಡಿಯುತ್ತಾಳಲ್ಲ’ ಅಂತಾರೆ ಮನೆಯಲ್ಲಿ. ಪಾತ್ರೆಯನ್ನು ಐದು ನಿಮಿಷ ಅಲುಗಾಡಿಸದೆ ಬಿಟ್ಟು ನೋಡಿ. ಬೇಳೆಯೆಲ್ಲ ತಳಕ್ಕೆ ಇಳಿದಿರುತ್ತದೆ, ಮೇಲೆ ನಿಂತಿರುವುದು ಹುಣಸೆಹುಳಿ, ಸಾರಿನಪುಡಿ, ಉಪ್ಪು, ಒಗ್ಗರಣೆಯ ಘಮ. ರೋಗಿಗೆ ಅಂತ ಸೌಟಿನಲ್ಲಿ ಮೇಲಿಂದ ಮೆಲ್ಲಗೆ ತೆಗೆಯುವುದು ಆ ತಿಳಿಯನ್ನೇ, ಬಟ್ಟಲಿಗೆ ಒಂದೂವರೆ ಗ್ರಾಂ ಪ್ರೋಟೀನ್ ಸಿಕ್ಕರೆ ಪುಣ್ಯ. ತಳದ ಬೇಳೆ ಉಳಿದವರ ಹುಳಿಗೆ ಹೋಗುತ್ತದೆ. ಅದೇ ಬೇಳೆಯನ್ನು ತೊವ್ವೆ ಮಾಡಿ ಗಟ್ಟಿಯಾಗಿ ಕೊಟ್ಟರೆ, 25 ಗ್ರಾಂ ಒಣಬೇಳೆಗೆ ಐದೂವರೆ ಗ್ರಾಂ. ರಾಗಿಗೆ ಕ್ಯಾಲ್ಸಿಯಂ ಇದೆ, ಒಳ್ಳೆಯದೇ. ಆದರೆ 100 ಗ್ರಾಂ ಹಿಟ್ಟಿಗೆ ಪ್ರೋಟೀನ್ 7 ಗ್ರಾಂ, ಗಂಜಿಗೆ ಬೀಳುವುದು 20 ಗ್ರಾಂ ಹಿಟ್ಟು. ಎಳನೀರು, ಜ್ಯೂಸು ಲೆಕ್ಕಕ್ಕೇ ಇಲ್ಲ. ಬೈಪಾಸ್ ಆದವರಿಗೆ ಜ್ಯೂಸಿನ ಸಕ್ಕರೆ ಸೀದಾ ಕರುಳಿಗೆ ಇಳಿದು ಬೆವರು, ಎದೆಬಡಿತ, ಹೊಟ್ಟೆನುಲಿತ ಬೇರೆ.

ಗಂಜಿ ಕುಡಿಯುವುದನ್ನು ಯಾಕೆ ನಿಲ್ಲಿಸುವುದಿಲ್ಲ ಅಂದರೆ ಭಯ. ಒಮ್ಮೆ ಚಪಾತಿ ತಿಂದು ಎದೆಯಲ್ಲಿ ಸಿಕ್ಕಿಕೊಂಡು ವಾಂತಿಯಾಯಿತು ಅಂದರೆ ಮತ್ತೆ ನೀರಾಹಾರಕ್ಕೆ ವಾಪಸ್. ಆಪರೇಷನ್ ಆದಮೇಲೆ ದ್ರವ ಆಹಾರ ಎರಡು ವಾರ, ನುಣ್ಣಗೆ ರುಬ್ಬಿದ್ದು ಎರಡು ವಾರ, ಮೆತ್ತಗಿನದು ಎರಡು ವಾರ, ಆಮೇಲೆ ಮಾಮೂಲಿ ಊಟ. ನಿಮ್ಮ ಆಸ್ಪತ್ರೆಯ ಚೀಟಿಯಲ್ಲಿ ವಾರವೊಂದು ಆಚೀಚೆ ಇರಬಹುದು, ಅದನ್ನೇ ಪಾಲಿಸಿ. ಆದರೆ ನಾಲ್ಕನೇ ತಿಂಗಳಲ್ಲೂ ನೀರಾಹಾರ ಅಂತ ಯಾವ ಚೀಟಿಯೂ ಹೇಳುವುದಿಲ್ಲ. ಗಟ್ಟಿ ಪದಾರ್ಥ ನಿಜಕ್ಕೂ ಇಳಿಯದೇ ಇದ್ದರೆ ಹೊಟ್ಟೆಯ ಕೊಳವೆ ಎಲ್ಲೋ ಕಿರಿದಾಗಿರಬಹುದು, ಎಂಡೋಸ್ಕೋಪಿ ಮಾಡಿಸಬೇಕಾಗುತ್ತದೆ. ಗಂಜಿ ಕುಡಿದುಕೊಂಡು ಮುಚ್ಚಿಡುವ ವಿಷಯವಲ್ಲ.

ಮೊಟ್ಟೆ-ಮಾಂಸ ಇಲ್ಲದೆಯೂ ಗುರಿ ಮುಟ್ಟಬಹುದು, ಆದರೆ ಪ್ರೋಟೀನ್ ಪೌಡರ್ ಇಲ್ಲದೆ ಮೊದಲ ತಿಂಗಳುಗಳಲ್ಲಿ ಬಲು ಕಷ್ಟ. ಒಂದು ಸ್ಕೂಪ್ ವೇ (ಹಾಲೊಡೆದಾಗ ಉಳಿಯುವ ತಿಳಿ) ಪ್ರೋಟೀನ್‌ನಲ್ಲಿ 24 ಗ್ರಾಂ, ಕೆನೆ ತೆಗೆದ ಹಾಲು 150 ಮಿ.ಲೀ.ನಲ್ಲಿ 5, ತೊವ್ವೆಯಲ್ಲಿ 5, ಪನೀರ್ 50 ಗ್ರಾಂನಲ್ಲಿ 9, ಒಣ ಸೋಯಾ ಚಂಕ್ಸ್ 15 ಗ್ರಾಂನಲ್ಲಿ 7, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು 100 ಗ್ರಾಂನಲ್ಲಿ 7, ಮಜ್ಜಿಗೆಗೆ ಕಲಸಿದ 20 ಗ್ರಾಂ ಹುರಿಗಡಲೆ ಪುಡಿಯಲ್ಲಿ 4. ಒಟ್ಟು 61. ಎರಡು ಚಮಚ ಅನ್ನ, ಒಂದಿಷ್ಟು ಪಲ್ಯ ಸೇರಿಸಿದರೂ 700-750 ಕ್ಯಾಲರಿ ದಾಟುವುದಿಲ್ಲ. ಅಂದರೆ ಗಂಜಿ ದಿನಕ್ಕಿಂತ ಹೆಚ್ಚೆಂದರೆ ನೂರು ಕ್ಯಾಲರಿ ಜಾಸ್ತಿ, ಪ್ರೋಟೀನ್ ನಾಲ್ಕು ಪಟ್ಟು. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6 ಗ್ರಾಂ, ಬೆಂದ ಕೋಳಿ 50 ಗ್ರಾಂಗೆ 14ರ ಸುಮಾರು, ಮೀನಿಗೆ ಸ್ವಲ್ಪ ಕಡಿಮೆ. ಮೀನು ಎಲ್ಲಕ್ಕಿಂತ ಸಲೀಸಾಗಿ ಇಳಿಯುತ್ತದೆ.

ಕೆಡುವುದು ಮಾಡುವ ರೀತಿಯಲ್ಲಿ. ಪನೀರನ್ನು ಹೆಂಚಿನ ಮೇಲೆ ಹುರಿದರೆ ರಬ್ಬರಿನಂತಾಗಿ ಸಿಕ್ಕಿಕೊಳ್ಳುತ್ತದೆ. ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಪುಡಿ ಮಾಡಿ, ಮೊಸರಿಗೋ ತೊವ್ವೆಗೋ ಕಲಸಿ. ಸೋಯಾ ಚಂಕ್ಸ್ ಕುದಿಸಿ, ಎರಡು ಸಲ ನೀರು ಹಿಂಡಿ, ಮಿಕ್ಸಿಯಲ್ಲಿ ಒಂದು ಸುತ್ತು ತಿರುವಿ ಖೀಮಾದಂತೆ ಮಾಡಿ. ಇಡಿಯಾಗಿ ತಿಂದರೆ ಹೊಟ್ಟೆಯುಬ್ಬರ ಖಂಡಿತ. ಕೋಳಿಯೂ ಅಷ್ಟೆ, ಒಣ ಫ್ರೈ ಬೇಡ, ಸಾರಿನಲ್ಲಿ ಬೆಂದ ಖೀಮಾ ಸಾಕು. ವೇ ಪೌಡರನ್ನು ಕುದಿಯುವ ಹಾಲಿಗೆ ಹಾಕಿದರೆ ಗಂಟುಗಂಟು, ಉಗುರುಬೆಚ್ಚಗಿರಲಿ. ಶೇಕರ್‌ನಲ್ಲಿ ಎದ್ದ ನೊರೆ ಇಳಿಯುವವರೆಗೆ ಕಾಯಿರಿ, ನೊರೆ ಕುಡಿದರೆ ಅರ್ಧ ಹೊಟ್ಟೆ ಗಾಳಿಗೇ ಹೋಯಿತು. ಹಾಲಿನಿಂದ ಭೇದಿಯಾಗುವವರು ಹಾಲಿನ ಸಕ್ಕರೆ ಬಹುಪಾಲು ತೆಗೆದ ‘ಐಸೊಲೇಟ್’ ವೇ ಕೊಳ್ಳಿ. ತಟ್ಟೆಯಲ್ಲಿ ಮೊದಲು ಪ್ರೋಟೀನ್, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ. ಊಟದ ಜೊತೆ ನೀರು ಬೇಡ, ಮುಗಿದು ಅರ್ಧ ಗಂಟೆಯ ಮೇಲೆ ಗುಟುಕು ಗುಟುಕಾಗಿ, ದಿನಕ್ಕೆ ಒಂದೂವರೆ ಲೀಟರ್.

ಪೌಡರ್ ಕೊಳ್ಳುವಾಗ ಡಬ್ಬಿಯ ಮುಂಭಾಗ ನೋಡಬೇಡಿ, ಹಿಂದೆ ತಿರುಗಿಸಿ. ವೇ ಪೌಡರ್ ಆದರೆ 100 ಗ್ರಾಂಗೆ ಪ್ರೋಟೀನ್ 70 ಗ್ರಾಂನಿಂದ ಮೇಲೆ ಇರಬೇಕು. ಮೆಡಿಕಲ್ ಶಾಪಿನಲ್ಲಿ ‘ಶಕ್ತಿಗೆ’ ಅಂತ ಕೊಡುವ ಪೌಡರುಗಳಲ್ಲಿ ಹಲವು 30ರ ಆಸುಪಾಸಿನವು, ಮಾಲ್ಟ್ ಪೌಡರುಗಳಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ, ಉಳಿದದ್ದು ಬಹುಪಾಲು ಸಕ್ಕರೆ ಮತ್ತು ಪಿಷ್ಟದಿಂದ ಮಾಡಿದ ಮಾಲ್ಟೊಡೆಕ್ಸ್‌ಟ್ರಿನ್. ಜಿಮ್ ಹುಡುಗರು ಹೇಳುವ ತೂಕ ಏರಿಸುವ ಮಾಸ್ ಗೇನರ್ ಹತ್ತಿರವೂ ಹೋಗಬೇಡಿ. ಕೂದಲಿಗೆ, ಚರ್ಮಕ್ಕೆ ಅಂತ ಮಾರುವ ಕೊಲಾಜನ್ ಇನ್ನೊಂದು ಬಲೆ. ಅದರಲ್ಲಿ ಟ್ರಿಪ್ಟೋಫಾನ್ ಎಂಬ ಅಗತ್ಯ ಅಮೈನೋ ಆಮ್ಲವೇ ಇಲ್ಲ, 60 ಗ್ರಾಂ ಲೆಕ್ಕಕ್ಕೆ ಅದನ್ನು ಸೇರಿಸುವಂತಿಲ್ಲ.

ಕೂದಲ ವಿಷಯ ಸ್ವಲ್ಪ ಬೇರೆ. ಎಲ್ಲ ಸರಿಯಾಗಿ ತಿಂದವರಿಗೂ ಮೂರರಿಂದ ಆರನೇ ತಿಂಗಳಲ್ಲಿ ಉದುರಬಹುದು, ಆಮೇಲೆ ಬರುತ್ತದೆ. ಆರು ತಿಂಗಳು ದಾಟಿದರೂ ನಿಲ್ಲದಿದ್ದರೆ ಪ್ರೋಟೀನ್ ಜೊತೆ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ಜಿಂಕ್ ನೋಡಿಸಿ. ಬಯೋಟಿನ್ ಎಂಬ ವಿಟಮಿನ್ ಮಾತ್ರೆಗೆ ದುಡ್ಡು ಸುರಿಯುವುದು ವ್ಯರ್ಥ, ಮೇಲಾಗಿ ಹೆಚ್ಚಿನ ಡೋಸು ಥೈರಾಯ್ಡ್ ಟೆಸ್ಟಿನ ಫಲಿತಾಂಶವನ್ನೇ ಏರುಪೇರು ಮಾಡಬಹುದು. ರಕ್ತದ ಅಲ್ಬುಮಿನ್ ಎಂಬ ಪ್ರೋಟೀನ್ ನಾರ್ಮಲ್ ಇದೆ ಅಂತಲೂ ನೆಮ್ಮದಿಯಾಗಬೇಡಿ, ಅದು ಇಳಿಯುವುದು ತಡವಾಗಿ. ಕುರ್ಚಿಯಿಂದ ಕೈಯೂರದೆ ಏಳಲು ಆಗುತ್ತದೆಯೇ, ಕಣಕಾಲ ಮೇಲೆ ಬೆರಳೊತ್ತಿದರೆ ಗುಳಿ ಉಳಿಯುತ್ತದೆಯೇ ಅಂತ ವಾರಕ್ಕೊಮ್ಮೆ ಮನೆಯಲ್ಲೇ ನೋಡಿಕೊಳ್ಳಿ. ಗುಳಿ ಬಿದ್ದರೆ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯಬೇಡಿ. ಶುಗರ್‌ಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತಗೊಳ್ಳುವವರು ಹಳೇ ಡೋಸನ್ನೇ ಮುಂದುವರಿಸಿದರೆ ಇಷ್ಟು ಕಡಿಮೆ ಊಟದಲ್ಲಿ ಲೋ ಶುಗರ್ ಆಗಬಹುದು, ಡಾಕ್ಟರನ್ನು ಕೇಳಿ ಡೋಸು ಬದಲಾಯಿಸಿಕೊಳ್ಳಿ.

ಇಷ್ಟರಲ್ಲಿ ತಡಮಾಡಲೇಬಾರದ್ದು ವಾಂತಿ. ವಿಟಮಿನ್ ಬಿ1, ಅಂದರೆ ಥಯಮಿನ್, ದೇಹದಲ್ಲಿ ಎರಡು-ಮೂರು ವಾರಕ್ಕಾಗುವಷ್ಟೇ ದಾಸ್ತಾನು ಇರುತ್ತದೆ. ಗಂಜಿಯೂಟದಲ್ಲಿ ಅದು ಮೊದಲೇ ಕಡಿಮೆ. ಅದರ ಮೇಲೆ ದಿನಾ ವಾಂತಿಯಾದರೆ ಮಲ್ಟಿವಿಟಮಿನ್ ಮಾತ್ರೆಯೂ ಹೊರಕ್ಕೆ. ಕಾಲು ಜುಮುಗುಡುವುದು, ಒಂದು ವಸ್ತು ಎರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತು ತಪ್ಪುವುದು, ಮರೆವು ಶುರುವಾದರೆ ಅದು ಎಮರ್ಜೆನ್ಸಿ. ಬಿ1 ಖಾಲಿಯಾದ ದೇಹಕ್ಕೆ ಗ್ಲುಕೋಸ್ ಹರಿಸಿದರೆ ಮಿದುಳಿಗೆ ಶಾಶ್ವತ ಪೆಟ್ಟು ಬೀಳಬಹುದು. ಊರಿನ ಕ್ಲಿನಿಕ್ಕಿನಲ್ಲಿ ವಾಂತಿ, ಸುಸ್ತು ಅಂದಕೂಡಲೇ ಮೊದಲು ಏರಿಸುವುದೇ ಗ್ಲುಕೋಸ್ ಬಾಟಲು. ಎರಡು ದಿನ ಹೊಟ್ಟೆಯಲ್ಲಿ ಏನೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ, ಡಿಸ್ಚಾರ್ಜ್ ಚೀಟಿ ಜೊತೆಗಿರಲಿ, ಸೂಜಿ ಚುಚ್ಚುವ ಮೊದಲೇ ‘ಬೇರಿಯಾಟ್ರಿಕ್ (ತೂಕ ಇಳಿಸುವ) ಸರ್ಜರಿ ಆಗಿದೆ, ಮೊದಲು ಥಯಮಿನ್ ಇಂಜೆಕ್ಷನ್ ಕೊಡಿ, ಆಮೇಲೆ ಗ್ಲುಕೋಸ್’ ಅಂತ ಹೇಳಿ. ರೋಗಿಗೆ ಆಗ ಹೇಳುವ ತ್ರಾಣ ಇರುವುದಿಲ್ಲ, ಹಾಗಾಗಿ ಜೊತೆಗೆ ಹೋಗುವವರಿಗೆ ಈ ಮಾತನ್ನು ಇವತ್ತೇ ಹೇಳಿಕೊಟ್ಟಿರಿ.