ಅಪರೂಪದ ಬಾಟಲಿ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಹಸಿರು ಶಾರ್ತ್ರೂಜ್ ಎಂಬ ಫ್ರೆಂಚ್ ಮದ್ಯ ಹುಡುಕಿಕೊಂಡು ಅಂಗಡಿ ಅಂಗಡಿ ಸುತ್ತುತ್ತಿರುವವರಿಗೆ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ. ನಾನು ಮೋಸ ಹೋದೆ. ಹೋದದ್ದು ದುಡ್ಡು ಮಾತ್ರ, ಜೀವಕ್ಕೆ ಏನೂ ಆಗಲಿಲ್ಲ.

ಈ ಲಿಕ್ಯೂರ್ (ಗಿಡಮೂಲಿಕೆ ಹಾಕಿದ ಸಿಹಿ ಮದ್ಯ) ಸಿಗುವುದೇ ಕಷ್ಟ. ಫ್ರಾನ್ಸಿನ ಕಾರ್ತೂಸಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳು 130 ಬಗೆಯ ಗಿಡಮೂಲಿಕೆ ಹಾಕಿ ಮಾಡುವಂಥದ್ದು. ಬೇಡಿಕೆ ಎಷ್ಟೇ ಏರಿದರೂ ತಯಾರಿಕೆ ಹೆಚ್ಚಿಸುವುದಿಲ್ಲ, ನಮಗೆ ಪ್ರಾರ್ಥನೆ ಮತ್ತು ಏಕಾಂತವೇ ಮುಖ್ಯ ಎಂದು ಅವರು ತೀರ್ಮಾನಿಸಿದ್ದು 2023ರಲ್ಲಿ ಎಲ್ಲರಿಗೂ ಗೊತ್ತಾಯಿತು. ಆಮೇಲಂತೂ ಕೇಳಿದಲ್ಲೆಲ್ಲ 'ಇಲ್ಲ' ಅನ್ನುವುದೇ ಉತ್ತರ. ತಿಂಗಳುಗಟ್ಟಲೆ ಅದನ್ನೇ ಕೇಳಿಸಿಕೊಂಡಿದ್ದ ನನಗೆ ಒಂದು ಅಂಗಡಿಯಲ್ಲಿ 'ಹೊಸ ಸ್ಟಾಕ್ ಬಂದಿದೆ, ಒಂದೇ ಉಳಿದಿದೆ, ಇನ್ನೊಬ್ಬರೂ ಕೇಳಿದ್ದಾರೆ' ಎಂದಾಗ ಬೇರೇನೂ ಯೋಚನೆಗೆ ಬರಲಿಲ್ಲ. ಬಾಟಲಿಯನ್ನು ಕಪಾಟಿನಿಂದಲ್ಲ, ಒಳಗಿನಿಂದ ತಂದರು. ಬಿಲ್ ಆಮೇಲೆ ಕೊಡುತ್ತೇವೆ ಅಂದರು. ಅದಕ್ಕೂ ಹೂಂ ಅಂದೆ.

ಮನೆಗೆ ಬಂದು ಮುಚ್ಚಳ ತಿರುಗಿಸಿದರೆ ಸೀಲ್ ಒಡೆದ ಸದ್ದೇ ಇಲ್ಲ, ಸುಮ್ನೆ ಬಿಚ್ಚಿಕೊಂಡಿತು. ಅಸಲಿ ಹಸಿರು ಶಾರ್ತ್ರೂಜ್‌ನಲ್ಲಿ ಆಲ್ಕೋಹಾಲ್ ಶೇಕಡಾ 55 ಇರುತ್ತದೆ, ಮೂಗಿನ ಹತ್ತಿರ ತಂದರೇ ಗಿಡಮೂಲಿಕೆಯ ಘಾಟು ಹೊಡೆಯಬೇಕು. ಇದರಲ್ಲಿ ಬರೀ ಸಕ್ಕರೆ ಪಾಕದ ವಾಸನೆ. ನಾಲಿಗೆಗೆ ತಾಗಿಸಿ ಉಗಿದುಬಿಟ್ಟೆ.

ಆಗ ಬಾಟಲಿಯ ಮೇಲಿನ ಸಂಖ್ಯೆ ನೋಡಿದೆ. ಇದನ್ನು ಅಂಗಡಿಯಲ್ಲೇ ನೋಡಬೇಕಿತ್ತು. ಎಲ್ ಅಕ್ಷರದ ನಂತರ ಆರು ಅಂಕಿ ಇರುತ್ತವೆ. ಮೊದಲ ಮೂರಕ್ಕೆ 1084 ಕೂಡಿಸಿದರೆ ಬಾಟಲಿ ತುಂಬಿದ ವರ್ಷ ಬರುತ್ತದೆ, 1084 ಅಂದರೆ ಆ ಸನ್ಯಾಸಿಗಳ ಪಂಥ ಶುರುವಾದ ವರ್ಷ. ಕೊನೆಯ ಮೂರು ಅಂಕಿ ಆ ವರ್ಷದ ಎಷ್ಟನೇ ದಿನ ಅನ್ನುವುದನ್ನು ಹೇಳುತ್ತವೆ. ನನ್ನ ಬಾಟಲಿಯಲ್ಲಿದ್ದದ್ದು 926, ಅಂದರೆ 2010. ಹೊಸ ಸ್ಟಾಕ್ ಅಂದಿದ್ದರಲ್ವಾ? ಯಾರೋ ಕುಡಿದು ಬಿಸಾಡಿದ ಹಳೇ ಬಾಟಲಿಗೆ ಇನ್ನೇನೋ ತುಂಬಿ ಮಾರಿದ್ದಾರೆ ಅಂತಲೇ ನನ್ನ ಲೆಕ್ಕ.

ವಾಪಸ್ ತೆಗೆದುಕೊಂಡು ಹೋದೆ. 'ತೆರೆದದ್ದನ್ನು ತಗೊಳ್ಳಲ್ಲ ಸಾರ್, ನಮ್ಮಲ್ಲೇ ತಗೊಂಡಿದ್ದು ಅನ್ನೋಕೆ ಬಿಲ್ ಎಲ್ಲಿದೆ?' ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ದುಡ್ಡಿನ ಮಾತು ಬಿಡಿ. ಇಂಥ ಬಾಟಲಿಯಲ್ಲಿ ಮೆಥನಾಲ್ ಎಂಬ ವಿಷಕಾರಿ ಆಲ್ಕೋಹಾಲ್ ಇದ್ದರೆ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ರುಚಿಯಲ್ಲಿ ಅದು ಗೊತ್ತಾಗುವುದಿಲ್ಲ. ಎಷ್ಟೋ ಸಲ 12ರಿಂದ 24 ಗಂಟೆ ಕಳೆದ ಮೇಲೆಯೇ ಕಣ್ಣು ಮಂಜಾಗುವುದು, ವಾಂತಿ, ಹೊಟ್ಟೆನೋವು ಶುರುವಾಗುತ್ತದೆ. ಅನುಮಾನ ಬಂದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ.

ಈಗ ನಾನು ಬೇರೆ ದಾರಿ ಹಿಡಿದಿದ್ದೇನೆ. ಹೆಸರು, ಬಣ್ಣ, ಆಲ್ಕೋಹಾಲ್ ಪ್ರಮಾಣ ಎಲ್ಲ ಚೀಟಿಯಲ್ಲಿ ಬರೆದುಕೊಟ್ಟು, ವಿತರಕರಿಂದ ತರಿಸಿಕೊಡಿ ಎಂದು ಇನ್ನೊಂದು ಅಂಗಡಿಯಲ್ಲಿ ಹೇಳಿಟ್ಟಿದ್ದೇನೆ. ಬಣ್ಣ ಬರೆಯುವುದನ್ನು ಮರೆಯಬೇಡಿ, ಇದರಲ್ಲೇ ಹಳದಿಯದೂ ಇದೆ, 'ಎರಡೂ ಒಂದೇ' ಎಂದು ಕೊಟ್ಟುಬಿಡುತ್ತಾರೆ. ಅದು ಬೇರೆ, ಇನ್ನೂ ಸಿಹಿ, ಅಷ್ಟು ಖಡಕ್ ಅಲ್ಲ.

ಮತ್ತೆ, ನಿಮ್ಮ ಮನೆಯಲ್ಲಿ ಇಂಥ ಖಾಲಿ ಬಾಟಲಿ ಇದ್ದರೆ ಹಾಗೇ ಗುಜರಿಗೆ ಹಾಕಬೇಡಿ. ಲೇಬಲ್ ನೆನೆಸಿ ಕೆರೆದು ತೆಗೆಯಿರಿ, ಮುಚ್ಚಳ ಜಜ್ಜಿ ಹಾಕಿ. ನನ್ನದನ್ನು ನಿನ್ನೆ ಹಾಗೇ ಮಾಡಿದೆ.