ರಥಬೀದಿ ಸಮೀಪದ ಕನ್ನಡ ಪುಸ್ತಕದಂಗಡಿ

ಉಡುಪಿಯ ರಥಬೀದಿಗೆ ಬಂದು ಸೇರುವ ಓಣಿಯೊಂದರಲ್ಲಿ, ಪೂಜಾ ಸಾಹಿತ್ಯ ಮಾರುವ ಅಂಗಡಿಗೆ ಒತ್ತಿಕೊಂಡಿರುವ ಈ ಪುಸ್ತಕದಂಗಡಿಗೆ ನಾನು ಏಳೆಂಟು ವರ್ಷಗಳಿಂದ ಹೋಗುತ್ತಿದ್ದೇನೆ. ನಮ್ಮ ಕಡೆ ಕರ್ಪೂರ, ಕುಂಕುಮಕ್ಕೂ ಸಾಹಿತ್ಯ ಎನ್ನುತ್ತೇವೆ, ಅಡುಗೆಯ ಸಾಮಾನಿಗೂ ಸಾಹಿತ್ಯ ಎನ್ನುತ್ತೇವೆ. ಕೆಲಸ ನೆರವೇರಬೇಕಾದರೆ ಜೊತೆಯಲ್ಲಿ ಇರಲೇಬೇಕಾದದ್ದು ಎಂಬ ಆ ಅರ್ಥ ಕಥೆ ಕಾದಂಬರಿಗಳಿಗೂ ಸಲ್ಲುತ್ತದೆ ಎಂಬುದು ನನಗೆ ಮನದಟ್ಟಾದದ್ದು ಇಲ್ಲಿಯೇ.

ಕಳೆದ ಮಳೆಗಾಲದಲ್ಲಿ, ಪಿಯುಸಿ ಓದುತ್ತಿರುವ ಮಗನಿಗೆ ‘ಸಾಹಿತ್ಯದ ಅರ್ಥ ಮತ್ತು ಮಹತ್ವ’ದ ಬಗ್ಗೆ ಪ್ರಬಂಧ ಬರೆಯಬೇಕಿತ್ತು. ಸಿದ್ಧ ಪ್ರಬಂಧಗಳ ಪುಸ್ತಕ ಕೇಳಿದೆವು. ಅಂಗಡಿಯ ಯಜಮಾನರು ಅದನ್ನು ತೆಗೆದಿಟ್ಟರು. ಪಕ್ಕದಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನೂ ಇಟ್ಟು, “ಮೊದಲು ಇದನ್ನು ನಾಲ್ಕು ಪುಟ ಓದು ಮಾರಾಯ, ಆಮೇಲೆ ಬೇಕಿದ್ದರೆ ಅದನ್ನು ಕೊಂಡುಹೋಗು” ಎಂದು ಸ್ಟೂಲು ಎಳೆದುಕೊಟ್ಟರು. ಮಗ ಮುಕ್ಕಾಲು ಗಂಟೆ ಎದ್ದೇಳಲಿಲ್ಲ. ಪ್ರಬಂಧದ ಪುಸ್ತಕವನ್ನು ಅವನೇ ಬೇಡವೆಂದ.

ಎತ್ತುಗಳಿದ್ದರೂ ಜಾತಿಯ ಕಾರಣಕ್ಕೆ ಬೇಸಾಯಕ್ಕೆ ಭೂಮಿ ಸಿಗದ ಚೋಮನ ಕಥೆ ಪ್ರಕಟವಾದದ್ದು 1933ರಲ್ಲಿ. ನಮ್ಮ ಮನೆಯ ಗದ್ದೆ, ಗೇಣಿದಾರರಿಗೆ ಭೂಮಿಯ ಒಡೆತನ ಕೊಟ್ಟ 1974ರ ಭೂಸುಧಾರಣೆಯ ಬಳಿಕ ನನ್ನ ಅಪ್ಪ ಡಿಕ್ಲರೇಶನ್, ಅಂದರೆ ಗೇಣಿದಾರನ ಅರ್ಜಿ, ಕೊಟ್ಟು ಪಡೆದದ್ದು. ಪಹಣಿಯಲ್ಲಿ ಹೆಸರು, ಸರ್ವೆ ನಂಬರು, ಸೆಂಟ್ಸಿನ ಲೆಕ್ಕ ಎಲ್ಲವೂ ಇದೆ. ಆ ರಾತ್ರಿ ಊಟದ ಹೊತ್ತಿಗೆ ಮಗ, “ಅಜ್ಜಿ, ನಮಗೆ ಗದ್ದೆ ಸಿಕ್ಕಿತಲ್ಲ, ಆಗ ಅದರಲ್ಲಿ ಗೇಯುತ್ತಿದ್ದ ಆಳುಗಳಿಗೆ ಏನು ಸಿಕ್ಕಿತು?” ಎಂದು ಕೇಳಿದ. ನನ್ನ ಅಮ್ಮ ಬಹಳ ಹೊತ್ತು ಮಾತಾಡದೆ ಕುಳಿತು, ಕೊನೆಗೆ ಇಬ್ಬರ ಹೆಸರು ಹೇಳಿದರು. ಐವತ್ತು ದಾಟಿದ ನಾನು ಆ ಹೆಸರುಗಳನ್ನು ಕೇಳಿದ್ದು ಅದೇ ಮೊದಲು. ಪಹಣಿಯಲ್ಲಿ ಅವು ಇಲ್ಲ.

ಕರಾವಳಿಯ ಲೇಖಕರ ಕಪಾಟು ಈ ಅಂಗಡಿಯ ನಿಜವಾದ ಆಸ್ತಿ. 2009ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವೈದೇಹಿಯವರ ಕಥೆಗಳೂ ಮುಸ್ಲಿಂ ಹೆಣ್ಣುಮಕ್ಕಳ ಬದುಕನ್ನು ಬರೆದ ಸಾರಾ ಅಬೂಬಕ್ಕರ್ ಅವರ ಕಾದಂಬರಿಗಳೂ ಒಂದೇ ಸಾಲಿನಲ್ಲಿವೆ. ಕುಂದಾಪುರದವರಾದ ನನ್ನ ಅಮ್ಮ, ವೈದೇಹಿಯವರ ಕಥೆಯಲ್ಲಿ ತನ್ನ ತವರಿನ ಮಾತು ಕಂಡಾಗಲೆಲ್ಲ ಅದನ್ನು ಗಟ್ಟಿಯಾಗಿ ಓದುತ್ತಾರೆ.

ಕವನ ಸಂಕಲನಗಳು ಕಡಿಮೆ ಎಂಬುದು ನನ್ನ ದೂರು. ಮಕ್ಕಳ ಪುಸ್ತಕಗಳನ್ನು ನೆಲದ ಮೇಲೆ ರಾಶಿ ಹಾಕಿರುವುದೂ ಸರಿಯಲ್ಲ. ಮಳೆಗಾಲದಲ್ಲಿ ಕೆಳಗಿನವು ತೇವ ಹಿಡಿದು ಅಂಚು ಮುದುಡುತ್ತವೆ. ವಾಹನ ನಿಲ್ಲಿಸಲು ಜಾಗವಿಲ್ಲ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುತ್ತಾರೆ, ಆದ್ದರಿಂದ ಸಂಜೆ ನಾಲ್ಕರ ಮೇಲೆ ಹೋಗಿ. ಸ್ಟೂಲು ಇರುವುದು ಒಂದೇ.