ತೆಂಗು ಬೆಳೆಗಾರರ ಸಂಕಿರಣಕ್ಕೆ ಪ್ರೊಜೆಕ್ಟರೋ, ಎಲ್‌ಇಡಿ ಪರದೆಯೋ, ಟಿವಿಯೋ?

ತುಮಕೂರಿನಲ್ಲಿ ನೀವು ನಡೆಸಲಿರುವ ಸಂಕಿರಣದಲ್ಲಿ ಉದ್ಘಾಟನೆ, ಉಪನ್ಯಾಸ, ಗುಂಪು ತರಬೇತಿ ಮೂರೂ ಇರುವುದರಿಂದ, ಎಲ್ಲಕ್ಕೂ ಒಂದೇ ಸಲಕರಣೆಯನ್ನು ಬಾಡಿಗೆಗೆ ತರುವುದು ಸರಿಹೋಗುವುದಿಲ್ಲ.

ಮೊದಲು ನೋಡಬೇಕಾದದ್ದು ಬೆಳಕು. ಗಾಜಿನ ಮನೆಯಂತಹ ಜಾಗದಲ್ಲಿ ಹಗಲು ಹೊತ್ತು ಪ್ರೊಜೆಕ್ಟರ್ ಹಾಕಿದರೆ, ನುಸಿ ತಗುಲಿದ ಎಳೆಗಾಯಿಯ ತೊಟ್ಟಿನ ಬಳಿಯ ಕಂದು ಕಲೆ ತೆರೆಯ ಮೇಲೆ ಮಸುಕಾಗಿ, ರೈತರು ನೋಡಲೇಬೇಕಾದ ಚಿತ್ರವೇ ವ್ಯರ್ಥವಾಗುತ್ತದೆ. ಅಲ್ಲಿ ಎಲ್‌ಇಡಿ ಪರದೆಯೇ ಬೇಕು. ಆದರೆ ಅದರ ಚುಕ್ಕಿಗಳ ನಡುವಿನ ಅಂತರವನ್ನು ತಪ್ಪದೆ ಕೇಳಿ: ಪಿ3 ಎಂದರೆ 3 ಮಿಲಿಮೀಟರ್, ಮೊದಲ ಸಾಲು ಕನಿಷ್ಠ 3 ಮೀಟರ್ ದೂರವಿರಬೇಕು. ಕಿಟಕಿಗೆ ಪರದೆ ಎಳೆಯಬಹುದಾದ ಸಭಾಂಗಣದಲ್ಲಿ ಉಪನ್ಯಾಸಕ್ಕೆ ಪ್ರೊಜೆಕ್ಟರ್ ಧಾರಾಳವಾಗಿ ಸಾಕು.

ಖರ್ಚಿನಲ್ಲಿ ಎಲ್‌ಇಡಿ ಪರದೆ ಎಲ್ಲಕ್ಕಿಂತ ಭಾರ, ಏಕೆಂದರೆ ಬಾಡಿಗೆಯ ಜೊತೆಗೆ ಸಾಗಣೆ, ಚೌಕಟ್ಟು ಕಟ್ಟುವ ಆಳುಗಳು, ಜನರೇಟರ್ ಎಲ್ಲವೂ ಸೇರುತ್ತವೆ. ಪ್ರೊಜೆಕ್ಟರ್ ಅಗ್ಗ.

ಕರೆಂಟು ಹೋಗಿ ಬಂದಾಗ ದೀಪದ ಪ್ರೊಜೆಕ್ಟರ್ ತಣ್ಣಗಾಗಿ ಮತ್ತೆ ಹೊತ್ತಿಕೊಳ್ಳಲು ಕೆಲವು ನಿಮಿಷ ಹಿಡಿಯುತ್ತದೆ. ಟಿವಿ ಬೇಗ ಬರುತ್ತದೆ. ಇಪ್ಪತ್ತು ಮೂವತ್ತು ಜನರ ತರಬೇತಿಗೆ 65 ಇಂಚಿನ ಟಿವಿಯನ್ನೇ ನಾನು ಒಪ್ಪುತ್ತೇನೆ. ಕತ್ತಲೆ ಬೇಡವಾದ್ದರಿಂದ ರೈತರು ಟಿಪ್ಪಣಿ ಬರೆದುಕೊಳ್ಳಬಹುದು.

ಧ್ವನಿಯನ್ನಂತೂ ಕಡೆಗಣಿಸಬೇಡಿ. ಉಪನ್ಯಾಸಕರಿಗೆ ಕಾಲರ್ ಮೈಕ್ ಅನುಕೂಲ, ಪ್ರಶ್ನೋತ್ತರಕ್ಕೆ ಸಭಿಕರ ನಡುವೆ ಓಡಾಡಲು ಕನಿಷ್ಠ ಎರಡು ಕಾರ್ಡ್‌ಲೆಸ್ ಮೈಕ್ ಇರಲಿ. ಅವುಗಳ ಬ್ಯಾಟರಿಯನ್ನು ಊಟದ ವಿರಾಮದಲ್ಲಿ ಬದಲಿಸಿಬಿಡಿ.